ಖಾಲಿ ಮೈದಾನದ ಮೇಲಿನ ಜಾರುಬಂಡೆ

"ಏರ್‌ಪೋರ್ಟಿಂದ ಎಷ್ಟು ಕಿಲೋಮೀಟರ್ ದೂರ ಇರಬೇಕು ಅಂತ ಒಂದು ನಂಬರ್ ಹೇಳಿಬಿಡಿ ಅಂಕಲ್, ಸಾಕು." ಪಕ್ಕದ ಮನೆಯ ಹುಡುಗ ಹೊಸ ಡ್ರೋನಿನ ನಾಲ್ಕು ಕೈಗಳನ್ನು ಒಂದೊಂದಾಗಿ ಬಿಡಿಸುತ್ತ ಕೇಳಿದ. ಹಾರಿಸಲು ಜಾಗವನ್ನೂ ಅವನು ಗೊತ್ತು ಮಾಡಿಕೊಂಡಿದ್ದ. ದೊಡ್ಡ ಮೈದಾನ, ಸುತ್ತ ಒಂದು ಮನೆಯಿಲ್ಲ, ಮರವಿಲ್ಲ, ತಂತಿಯಿಲ್ಲ. ಇದಕ್ಕಿಂತ ಸುರಕ್ಷಿತ ಜಾಗ ಎಲ್ಲಿ ಸಿಗುತ್ತದೆ ಎಂಬುದು ಅವನ ವಾದ.

ನಂಬರ್ ಹೇಳುವುದು ಕಷ್ಟವಲ್ಲ. ಆದರೆ ವಿಮಾನ ನಿಲ್ದಾಣವನ್ನು ನಾವೆಲ್ಲ ಮ್ಯಾಪಿನ ಮೇಲಿನ ಒಂದು ಚುಕ್ಕಿಯಂತೆ ನೋಡುತ್ತೇವೆ, ಅದರ ಸುತ್ತ ಕೈವಾರದಿಂದ ಒಂದು ವೃತ್ತ ಎಳೆದು, ಒಳಗೆ ಬೇಡ, ಹೊರಗೆ ಪರವಾಗಿಲ್ಲ ಅಂದುಕೊಳ್ಳುತ್ತೇವೆ. ಇದು ನೆಲದ ಮೇಲೆ ನಡೆಯುವವನ ಲೆಕ್ಕ. ವೃತ್ತಕ್ಕೆ ಎತ್ತರವಿಲ್ಲ, ದಿಕ್ಕೂ ಇಲ್ಲ. ವಿಮಾನಕ್ಕೆ ಬೇಕಾದದ್ದು ಅವೆರಡೇ.

ಹವ್ಯಾಸಿ ಡ್ರೋನುಗಳಿಗೆ ಅಮೆರಿಕ, ಯುರೋಪ್, ಭಾರತ ಎಲ್ಲ ಕಡೆಯೂ ಸಾಮಾನ್ಯ ಮಿತಿ 400 ಅಡಿ, ಅಂದರೆ ಸುಮಾರು 120 ಮೀಟರ್. ಜನ ಕೂತ ವಿಮಾನಗಳು ಏರುವಾಗ, ಇಳಿಯುವಾಗ ಬಿಟ್ಟರೆ ಸಾಮಾನ್ಯವಾಗಿ 500 ಅಡಿಗಿಂತ ಕೆಳಗೆ ಬರುವುದಿಲ್ಲ. ನಡುವೆ ನೂರು ಅಡಿಯ ಬಿಡುವು. ಒಂದೇ ಮನೆಯಲ್ಲಿ ಕೆಳಗೊಂದು ಸಂಸಾರ, ಮಹಡಿಯಲ್ಲೊಂದು ಸಂಸಾರ ಇದ್ದ ಹಾಗೆ. ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ. ಆದರೆ ಮಹಡಿಯವರು ಬೀದಿಗೆ ಬರಲೇಬೇಕಲ್ಲ? ಅದಕ್ಕೊಂದು ಮೆಟ್ಟಿಲು ಬೇಕು, ಆ ಮೆಟ್ಟಿಲು ಕೆಳಗಿನವರ ಅಂಗಳದಲ್ಲೇ ಇಳಿಯಬೇಕು. ವಿಮಾನ ನಿಲ್ದಾಣ ಎಂದರೆ ಆ ಮೆಟ್ಟಿಲು. ಅದರ ಮೇಲೆ ಆಟದ ಸಾಮಾನು ಹರಡಬೇಡ ಎನ್ನುವುದೇ ಎಲ್ಲ ನಿಯಮಗಳ ತಿರುಳು.

ಈ ಮೆಟ್ಟಿಲು ಎಷ್ಟು ಓರೆ ಎನ್ನುವುದು ನನಗೆ ಬಲು ಇಷ್ಟವಾದ ವಿಷಯ. ಲ್ಯಾಂಡಿಂಗಿಗೆ ಬರುವ ದೊಡ್ಡ ವಿಮಾನಗಳು ಸಾಮಾನ್ಯವಾಗಿ ಮೂರು ಡಿಗ್ರಿಯ ಇಳಿಜಾರಿನಲ್ಲಿ ಬರುತ್ತವೆ. ಮೂರು ಡಿಗ್ರಿ ಅಂದರೆ ಎಷ್ಟು? ಒಂದು ಮೀಟರ್ ಉದ್ದದ ಹಲಗೆಯನ್ನು ನೆಲದ ಮೇಲಿಟ್ಟು, ಒಂದು ತುದಿಯ ಕೆಳಗೆ ಐದು ಸೆಂಟಿಮೀಟರ್ ದಪ್ಪದ ನಿಘಂಟು ತುರುಕಿ. ಗೋಲಿ ಇಟ್ಟರೆ ಸೋಮಾರಿಯಂತೆ ಉರುಳುತ್ತದೆ. ಅಷ್ಟೇ ಓರೆ. ಆ ಹಲಗೆಯನ್ನು ರನ್‌ವೇ ತುದಿಯಿಂದ ಹತ್ತು ಹನ್ನೆರಡು ಕಿಲೋಮೀಟರ್ ಹಿಂದಕ್ಕೆ ಎಳೆದುಕೊಳ್ಳಿ. ಕಣ್ಣಿಗೆ ಕಾಣದ ಉದ್ದನೆಯ ಜಾರುಬಂಡೆ ಸಿದ್ಧ.

ಈಗ ಅದರ ಎತ್ತರ ಅಳೆಯೋಣ. ವಿಮಾನ ರನ್‌ವೇ ತುದಿಯನ್ನು ದಾಟುವಾಗ ಸುಮಾರು 15 ಮೀಟರ್ ಮೇಲಿರುತ್ತದೆ. ಅಲ್ಲಿಂದ ಹಿಂದಕ್ಕೆ ಪ್ರತಿ ಕಿಲೋಮೀಟರಿಗೂ 52.4 ಮೀಟರ್ ಕೂಡಿಸುತ್ತ ಹೋಗಿ. ಒಂದು ಕಿಲೋಮೀಟರ್ ದೂರದಲ್ಲಿ 67 ಮೀಟರ್. ಐದರಲ್ಲಿ 277. ಎರಡು ಕಿಲೋಮೀಟರಿನಲ್ಲಿ? 15 ಮತ್ತು ಹತ್ತಿರ ಹತ್ತಿರ 105 ಕೂಡಿದರೆ 120. ಡ್ರೋನಿಗೆ ಬೇರೆಡೆ ಕೊಟ್ಟಿರುವ ಮಿತಿಯೂ ಅದೇ 120! "ನಾನು ಮಿತಿಯಲ್ಲೇ ಇದ್ದೆ" ಎನ್ನುವವನ ಡ್ರೋನೂ ನೂರೈವತ್ತು ಜನರನ್ನು ಹೊತ್ತ ವಿಮಾನವೂ ಮುಖಾಮುಖಿಯಾಗುವ ಜಾಗ ಇದು.

ಹಾಗಾದರೆ ಜಾರುಬಂಡೆಯ ಕೆಳಗೆ ನುಸುಳಿ ಹಾರಿಸಬಹುದಲ್ಲ ಎನ್ನಬೇಡಿ. ಮೂರು ಡಿಗ್ರಿ ಎನ್ನುವುದು ಎಲ್ಲ ಸರಿಯಿದ್ದ ದಿನದ ಮಾತು. ಏರುವಾಗ ಎರಡು ಎಂಜಿನ್‌ಗಳಲ್ಲಿ ಒಂದು ಕೈಕೊಟ್ಟ ವಿಮಾನವನ್ನು ನೆನೆಸಿಕೊಳ್ಳಿ. ಚಕ್ರ ಮಡಚಿದ ಮೇಲೆ ಅದಕ್ಕೆ ಇರಬೇಕೆಂದು ನಿಯಮ ಹೇಳುವ ಕನಿಷ್ಠ ಏರುವ ಶಕ್ತಿ ನೂರು ಮೀಟರಿಗೆ 2.4 ಮೀಟರ್ ಮಾತ್ರ. ನಿಘಂಟನ್ನು ತೆಗೆದು ತೆಳ್ಳನೆಯ ನೋಟ್‌ಬುಕ್ ಇಟ್ಟ ಹಾಗಾಯಿತು. ಅದಕ್ಕೇ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ದಶಕಗಳಿಂದ ದೊಡ್ಡ ರನ್‌ವೇಗಳ ಮುಂದೆ ನೂರಕ್ಕೆ ಎರಡರಷ್ಟು ಓರೆಯ ಒಂದು ಕಾಲ್ಪನಿಕ ಹಾಳೆ ಹಾಸಿ, ಕಟ್ಟಡ, ಗೋಪುರ, ಕ್ರೇನು ಯಾವುದೂ ಅದನ್ನು ಚುಚ್ಚಬಾರದು ಎನ್ನುತ್ತ ಬಂದಿದೆ. ಲೆಕ್ಕ ಹಾಕಿದರೆ ರನ್‌ವೇಯಿಂದ ಎರಡು ಕಿಲೋಮೀಟರ್ ಆಚೆ ಆ ಹಾಳೆಯ ಎತ್ತರ 40 ಮೀಟರೂ ಇಲ್ಲ. ಅದೇ ಲೆಕ್ಕದಲ್ಲಿ ನಿಲ್ದಾಣದ ಸುತ್ತ ನಾಲ್ಕು ಕಿಲೋಮೀಟರ್‌ವರೆಗೆ 45 ಮೀಟರ್ ಎತ್ತರದಲ್ಲಿ ಒಂದು ಸಮತಟ್ಟಾದ ಚಪ್ಪರ, ಅದರ ಅಂಚಿನಿಂದ ಮೇಲಕ್ಕೆ ಅರಳುವ ಬಟ್ಟಲಿನ ಗೋಡೆ.

ಈ ಇಳಿಜಾರು ಒಮ್ಮೆ ನ್ಯಾಯಾಲಯಕ್ಕೂ ಹೋಗಿತ್ತು. ನೆಲ ಯಾರದೋ ಅದರ ಮೇಲಿನ ಆಕಾಶವೂ ಸ್ವರ್ಗದವರೆಗೆ ಅವರದೇ ಎಂಬ ಹಳೆಯ ಲ್ಯಾಟಿನ್ ಸೂತ್ರವೊಂದಿದೆ. ಇಂದಿಗೂ "ನನ್ನ ಟೆರೇಸು, ನನ್ನ ಆಕಾಶ" ಎನ್ನುವವರು ತಿಳಿಯದೇ ಅದನ್ನೇ ಪಠಿಸುತ್ತಿದ್ದಾರೆ. ಆಕಾಶಕ್ಕೆ ಅನುಮತಿ ಬೇಕು ಎಂಬ ಮಾತೂ ಹೊಸದಲ್ಲ. 1783ರಲ್ಲಿ ಮನುಷ್ಯ ಮೊದಲ ಸಲ ಬಲೂನಿನಲ್ಲಿ ಹಾರಿದ, ಮರುವರ್ಷವೇ ಪ್ಯಾರಿಸ್ ಪೊಲೀಸರು ಅನುಮತಿಯಿಲ್ಲದೆ ಬಲೂನು ಬಿಡಕೂಡದು ಎಂದು ಆಜ್ಞೆ ಹೊರಡಿಸಿದರು. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಕಾಸ್ಬಿ ಎಂಬ ಕೋಳಿ ಸಾಕುವ ಕುಟುಂಬವಿತ್ತು. ಅವರ ಕೊಟ್ಟಿಗೆ ರನ್‌ವೇ ತುದಿಯಿಂದ 2,220 ಅಡಿ ದೂರ. ಆಗಿನ ಇಳಿಜಾರು ಮೂವತ್ತಕ್ಕೆ ಒಂದು. ಹಾಗಾಗಿ ಸೇನಾ ವಿಮಾನಗಳು ಅವರ ಜಮೀನಿನ ಮೇಲೆ 83 ಅಡಿ ಎತ್ತರದಲ್ಲಿ, ಅತಿ ಎತ್ತರದ ಮರಕ್ಕಿಂತ ಬರೀ 18 ಅಡಿ ಮೇಲೆ ಹಾರುತ್ತಿದ್ದವು. ಕೋಳಿಗಳು ಬೆದರಿ ಗೋಡೆಗೆ ಬಡಿದುಕೊಂಡು ಸತ್ತವು, ಸುಮಾರು 150. 1946ರಲ್ಲಿ ಸುಪ್ರೀಂ ಕೋರ್ಟು ಸ್ವರ್ಗದವರೆಗಿನ ಹಕ್ಕನ್ನು ತಳ್ಳಿಹಾಕಿತು, ಆದರೆ ನೆಲಕ್ಕೆ ಅಂಟಿದಂತಿರುವ ಗಾಳಿಯ ಮೇಲೆ ನೆಲದವನಿಗೆ ಹಕ್ಕಿದೆ, ಕಾಸ್ಬಿಗೆ ಪರಿಹಾರ ಕೊಡಿ ಎಂದಿತು. ಆ ಹಕ್ಕಿನ ಗೆರೆ ಎಷ್ಟು ಅಡಿಗೆ ಮುಗಿಯುತ್ತದೆ ಎಂದು ಮಾತ್ರ ಹೇಳಲಿಲ್ಲ. ಕೋಳಿಗಳ ಕಥೆ ಹೇಳಿ ದಾರಿ ತಪ್ಪಿಸಿದೆನೇ? ಇಳಿಜಾರು ಎಂದೊಡನೆ ನನಗೆ ಅವೇ ನೆನಪಾಗುತ್ತವೆ.

ಸರಿ, ನಿಯಮಗಳು. ಬ್ರಿಟನ್ನಿನಲ್ಲಿ 2018ರ ಜುಲೈನಿಂದ ವಿಮಾನ ನಿಲ್ದಾಣದ ಗಡಿಯಿಂದ ಒಂದೇ ಕಿಲೋಮೀಟರ್ ದೂರ ಇದ್ದರೆ ಸಾಕಾಗಿತ್ತು. ನಮ್ಮ ಹಲಗೆಯ ಲೆಕ್ಕ ನೆನಪಿರುವವರಿಗೆ ಇದರ ತಮಾಷೆ ಗೊತ್ತಾಗುತ್ತದೆ: ಗಡಿಯಿಂದ ಆಚೆ ಒಂದು ಕಿಲೋಮೀಟರಿನಲ್ಲಿ 120 ಮೀಟರ್ ಮೇಲೇರಿದ ಡ್ರೋನು, ಇಳಿಯುವ ವಿಮಾನಕ್ಕಿಂತಲೂ ಮೇಲಿರಬಹುದಿತ್ತು! ಆ ಡಿಸೆಂಬರಿನಲ್ಲಿ ಗ್ಯಾಟ್‌ವಿಕ್ ನಿಲ್ದಾಣದಲ್ಲಿ ಡ್ರೋನ್ ಕಂಡಿತೆಂಬ ವರದಿಗಳಿಂದ ಸುಮಾರು ಸಾವಿರ ವಿಮಾನಗಳ ಸಂಚಾರ ಕೆಟ್ಟು, ಒಂದು ಲಕ್ಷದ ನಲವತ್ತು ಸಾವಿರ ಪ್ರಯಾಣಿಕರು ಪರದಾಡಿದರು. ಹಾರಿಸಿದವರು ಯಾರೆಂದು ಕೊನೆಗೂ ಪತ್ತೆಯಾಗಲಿಲ್ಲ. 2019ರ ಮಾರ್ಚಿನಲ್ಲಿ ಹೊಸ ನಕ್ಷೆ ಬಂತು. ಸುಮಾರು ನಾಲ್ಕು ಕಿಲೋಮೀಟರ್ ತ್ರಿಜ್ಯದ ವೃತ್ತ, ಅದರ ಜೊತೆಗೆ ಪ್ರತಿ ರನ್‌ವೇಯ ಎರಡೂ ತುದಿಯಿಂದ ನಾಲಗೆ ಚಾಚಿದಂತೆ ಐದು ಕಿಲೋಮೀಟರ್ ಉದ್ದ, ಒಂದು ಕಿಲೋಮೀಟರ್ ಅಗಲದ ಪಟ್ಟಿ. ಆ ನಾಲಗೆಗಳೇ ನಮ್ಮ ಜಾರುಬಂಡೆಯ ನೆರಳು.

ಅಮೆರಿಕದವರು ನೆರಳಿನ ಬದಲು ಗಾಳಿಯನ್ನೇ ಕತ್ತರಿಸಿದ್ದಾರೆ. ಅಲ್ಲಿನ ಮಧ್ಯಮ ಗಾತ್ರದ ನಿಲ್ದಾಣದ ಸುತ್ತ, 'ಸಿ' ವರ್ಗ ಅನ್ನುತ್ತಾರೆ, ಐದು ನಾಟಿಕಲ್ ಮೈಲಿವರೆಗೆ, ಅಂದರೆ ಸುಮಾರು ಒಂಬತ್ತು ಕಿಲೋಮೀಟರ್‌ವರೆಗೆ, ನಿಯಂತ್ರಣ ನೆಲದಿಂದಲೇ ಶುರು. ಐದರಿಂದ ಹತ್ತು ಮೈಲಿಯಲ್ಲಿ ಅದು ಸಾಮಾನ್ಯವಾಗಿ 1,200 ಅಡಿಯಿಂದ ಮೇಲೆ ಮಾತ್ರ. ಇದನ್ನು ತಲೆಕೆಳಗಾದ ಕೇಕು ಎನ್ನುವ ರೂಢಿಯಿದೆ. ನನಗೆ ಬುಗುರಿ ಎನ್ನಿಸುತ್ತದೆ, ಮೊಳೆ ರನ್‌ವೇಯಲ್ಲಿ, ಹೊಟ್ಟೆ ಆಕಾಶದಲ್ಲಿ. ಹೊಟ್ಟೆಯ ಕೆಳಗೆ 400 ಅಡಿಯಲ್ಲಿ ಹಾರಿಸುವವನಿಗೆ ಅನುಮತಿಯ ಗೊಡವೆಯಿಲ್ಲ, ಮೊಳೆಯ ಹತ್ತಿರ ಹತ್ತು ಅಡಿ ಮೇಲೇರಿಸಲೂ ಅನುಮತಿ ಬೇಕು. ಭಾರತದ 2021ರ ಡ್ರೋನ್ ನಿಯಮದಲ್ಲೂ ಇದೇ ಬುದ್ಧಿ ಕಾಣುತ್ತದೆ. ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ನಡುವೆ ಹಸಿರು ವಲಯದ, ಅಂದರೆ ಅನುಮತಿ ಬೇಡದ ಆಕಾಶದ, ಎತ್ತರ 200 ಅಡಿ, ಅದರಾಚೆ 400. ಹತ್ತಿರ ಬಂದಷ್ಟೂ ಸೂರು ತಗ್ಗುತ್ತದೆ, ಮೆಟ್ಟಿಲಿನ ಕೆಳಗಿನ ಸಾಮಾನು ಕೋಣೆಯ ಹಾಗೆ.

ಎತ್ತರ ಎಂದೆ. ಯಾವುದರಿಂದ ಎತ್ತರ? ರಿಮೋಟಿನ ಪರದೆ ತೋರಿಸುವ ಮೀಟರು ಡ್ರೋನ್ ಎದ್ದ ಜಾಗದಿಂದ ಲೆಕ್ಕ. ಮೂವತ್ತು ಮೀಟರ್ ಕಟ್ಟಡದ ಟೆರೇಸಿನಿಂದ ಎಬ್ಬಿಸಿ ಪರದೆಯಲ್ಲಿ 100 ನೋಡಿದರೆ ಬೀದಿಯಿಂದ ಅದು 130. ಪೈಲಟ್ ಅಳೆಯುವುದು ಇಳಿಯುವ ಹೊತ್ತಿನಲ್ಲಿ ಸಾಮಾನ್ಯವಾಗಿ ಸಮುದ್ರಮಟ್ಟದಿಂದ, ಅದೂ ಗಾಳಿಯ ಒತ್ತಡ ನೋಡಿ. ಆ ಒತ್ತಡದ ಅಳತೆ ಒಂದು ಹೆಕ್ಟೊಪ್ಯಾಸ್ಕಲ್ ತಪ್ಪಿದರೆ ಎತ್ತರದಲ್ಲಿ ಸುಮಾರು ಎಂಟು ಮೀಟರ್ ತಪ್ಪುತ್ತದೆ. ಇಬ್ಬರು ದರ್ಜಿಗಳು, ಒಬ್ಬ ಭುಜದಿಂದ ಒಬ್ಬ ಸೊಂಟದಿಂದ ಅಳೆದು ಒಂದೇ ಅಂಗಿ ಹೊಲಿದ ಹಾಗೆ. "ಅವನು ಅಷ್ಟರಲ್ಲಿದ್ದ, ನಾನು ಇಷ್ಟರಲ್ಲಿದ್ದೆ" ಎಂಬ ಸೂಕ್ಷ್ಮ ಲೆಕ್ಕದ ಮೇಲೆ ಯಾರೂ ನಂಬಿಕೆ ಇಡದಿರುವುದು ಇದಕ್ಕೇ.

ಪೈಲಟ್ ನೋಡಿ ತಪ್ಪಿಸಿಕೊಳ್ಳುವುದಿಲ್ಲವೇ? ಈ ಪ್ರಶ್ನೆ ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಎದುರಿನ ವಸ್ತುವನ್ನು ಕಂಡು, ಏನೆಂದು ತಿಳಿದು, ಡಿಕ್ಕಿಯಾಗುತ್ತದೆ ಎಂದು ಅರಿತು, ವಿಮಾನ ತಿರುಗುವಷ್ಟರಲ್ಲಿ 12.5 ಸೆಕೆಂಡು ಬೇಕು ಎನ್ನುವುದು ಅಮೆರಿಕದ ವಿಮಾನಯಾನ ಆಡಳಿತ ಪೈಲಟ್‌ಗಳಿಗೆ ಕೊಡುವ ಲೆಕ್ಕ. ಇಳಿಯುವ ಜೆಟ್ ಸೆಕೆಂಡಿಗೆ ಸುಮಾರು 72 ಮೀಟರ್ ಬರುತ್ತದೆ. ಅಂದರೆ 900 ಮೀಟರ್ ದೂರದಲ್ಲೇ ಡ್ರೋನು ಕಣ್ಣಿಗೆ ಬೀಳಬೇಕು. ಒಂದಡಿಯ ಡ್ರೋನು ಅಷ್ಟು ದೂರದಲ್ಲಿ ಆರೋಗ್ಯವಂತ ಕಣ್ಣು ಗುರುತಿಸಬಲ್ಲ ಅತಿ ಚಿಕ್ಕ ಚುಕ್ಕೆಯಷ್ಟಿರುತ್ತದೆ. ಇನ್ನೊಂದು ಪೀಕಲಾಟವೆಂದರೆ, ನಿಜವಾಗಿ ಡಿಕ್ಕಿಯಾಗಲಿರುವ ವಸ್ತು ಗಾಜಿನ ಮೇಲೆ ಆಚೀಚೆ ಸರಿಯುವುದೇ ಇಲ್ಲ. ಸರಿದರೆ ಕಣ್ಣು ಹಿಡಿಯುತ್ತದೆ, ಇದು ಗಾಜಿಗಂಟಿದ ಕೊಳೆಯಂತೆ ಒಂದೇ ಕಡೆ ಇದ್ದು, ಕೊನೆಯ ಕ್ಷಣದಲ್ಲಿ ದಿಢೀರನೆ ಹಿಗ್ಗುತ್ತದೆ. ವಿಮಾನದೊಳಗಿನ ಡಿಕ್ಕಿ ಎಚ್ಚರಿಕೆ ಯಂತ್ರವೂ ಇಲ್ಲಿ ಕುರುಡು. ಅದು ಕೂಗಿ ಕೇಳುವುದು ಎದುರಿನ ವಿಮಾನದ ಟ್ರಾನ್ಸ್‌ಪಾಂಡರನ್ನು, ಅಂದರೆ ಕೇಳಿದೊಡನೆ ರೇಡಿಯೋದಲ್ಲಿ ಉತ್ತರ ಕೊಡುವ ಪೆಟ್ಟಿಗೆಯನ್ನು. ಹವ್ಯಾಸಿ ಡ್ರೋನಿನಲ್ಲಿ ಅದಿರುವುದಿಲ್ಲ.

2017ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ಬಳಿ ಸೇನೆಯ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರಿಗೆ ಡ್ರೋನೊಂದು ಬಡಿಯಿತು. ಹಾರಿಸುತ್ತಿದ್ದವನು ಸುಮಾರು ನಾಲ್ಕು ಕಿಲೋಮೀಟರ್ ದೂರದಲ್ಲಿದ್ದ. ಹೆಲಿಕಾಪ್ಟರಿನಲ್ಲಿ ಸಿಕ್ಕಿಕೊಂಡ ಮೋಟರಿನ ತುಣುಕಿನ ಜಾಡು ಹಿಡಿದು ತನಿಖೆಯವರು ಸಂಪರ್ಕಿಸುವವರೆಗೆ ಅವನಿಗೆ ಡಿಕ್ಕಿಯಾದದ್ದೇ ಗೊತ್ತಿರಲಿಲ್ಲ, ಪರದೆ ಕಪ್ಪಾಯಿತು ಅಷ್ಟೆ. ಮುಂದಿನ ತಿಂಗಳು ಕೆನಡಾದ ಕ್ವಿಬೆಕ್ ನಗರದಲ್ಲಿ ಇಳಿಯಲು ಬರುತ್ತಿದ್ದ ಎಂಟು ಜನರ ಸಣ್ಣ ವಿಮಾನದ ರೆಕ್ಕೆಗೆ ಇನ್ನೊಂದು ಡ್ರೋನು ಬಡಿಯಿತು. ಅದೃಷ್ಟ, ವಿಮಾನ ಕ್ಷೇಮವಾಗಿ ಇಳಿಯಿತು.

"ಆ್ಯಪ್ ತಡೆಯಲಿಲ್ಲ, ಅಂದರೆ ಪರವಾಗಿಲ್ಲ" ಎಂಬುದೂ ಮೂಢನಂಬಿಕೆಯೇ. 2025ರ ಜನವರಿಯಿಂದ ಡ್ರೋನ್ ತಯಾರಿಸುವ ಡಿಜೆಐ ಕಂಪನಿ ಅಮೆರಿಕದಲ್ಲಿ ನಿಲ್ದಾಣಗಳ ಸುತ್ತ ಡ್ರೋನನ್ನು ತಾನೇ ತಡೆಯುವುದನ್ನು ಬಿಟ್ಟು, ಪರದೆಯಲ್ಲಿ ಎಚ್ಚರಿಕೆ ಕೊಟ್ಟು ಸುಮ್ಮನಾಗುತ್ತದೆ. 250 ಗ್ರಾಮಿಗಿಂತ ಹಗುರ ಎನ್ನುವುದೂ ಅಷ್ಟೇ, ಅದು ನೋಂದಣಿಯಂಥ ಕಾಗದಪತ್ರದಲ್ಲಿ ರಿಯಾಯಿತಿ, ಗಾಳಿಯಲ್ಲಿ ಅಲ್ಲ.

ಹುಡುಗನಿಗೆ ಇಷ್ಟೆಲ್ಲ ಹೇಳಲಿಲ್ಲ. ಫೋನಿನಲ್ಲಿ ಉಪಗ್ರಹ ಚಿತ್ರ ತೆರೆಸಿ, ರನ್‌ವೇಯ ತುದಿಯಲ್ಲಿ ಬಿಳಿ ಬಣ್ಣದಲ್ಲಿ ಬರೆದ ಅಂಕಿ ತೋರಿಸಿದೆ. 09 ಅಂದರೆ ವಿಮಾನ ದಿಕ್ಸೂಚಿಯ 90 ಡಿಗ್ರಿಯತ್ತ, ಪೂರ್ವಕ್ಕೆ ಮುಖ ಮಾಡಿ ಇಳಿಯುತ್ತದೆ. ಅದರ ಇನ್ನೊಂದು ತುದಿ 27. "ಈ ಗೆರೆಯನ್ನು ಹೊರಕ್ಕೆ ಎಳೀತಾ ಹೋಗು" ಎಂದೆ. ಅವನು ಸ್ಕೇಲು ತಂದು ಪರದೆಯ ಮೇಲಿಟ್ಟ. ಗೆರೆ ನಮ್ಮ ಟೆರೇಸನ್ನು ಮುಟ್ಟಲಿಲ್ಲ, ಬಹಳ ಪಕ್ಕಕ್ಕೆ ಹೋಯಿತು. ಅವನ ಮುಖ ಅರಳಿತು. ಸ್ಕೇಲಿನ ಅಂಚು ಮಾತ್ರ ಅವನು ಆರಿಸಿಕೊಂಡ ಮೈದಾನದ ನಟ್ಟನಡುವೆ ಹಾದುಹೋಗಿತ್ತು. ಸ್ವಲ್ಪ ಹೊತ್ತು ಅದನ್ನೇ ದಿಟ್ಟಿಸಿದ.

"ಓ," ಎಂದ, "ಅಲ್ಲಿ ಯಾರೂ ಮನೆ ಕಟ್ಟದೇ ಇರೋದು ಇದಕ್ಕಾ ಅಂಕಲ್?"