ಮುಖಪುಟದಿಂದ ಅಳಿಸಿಹೋದ ಕೂದಲು

ಕಪ್ಪು ಮಹಿಳೆಯರ ರೂಪವನ್ನು ಮಾಧ್ಯಮಗಳು ತಿದ್ದುವ ವಿಷಯದ ಅಧ್ಯಯನವನ್ನು ಸಾಮಾನ್ಯವಾಗಿ ಚರ್ಮದ ಬಣ್ಣದಿಂದ ಆರಂಭಿಸುತ್ತಾರೆ. ಕೂದಲಿನಿಂದ ಆರಂಭಿಸುವುದೇ ಸರಿಯೆಂದು ನನಗೆ ತೋರುತ್ತದೆ. ಬಣ್ಣದ ವಿಚಾರದಲ್ಲಿ ಪತ್ರಿಕೆಗಳಿಗೆ ಸಮಜಾಯಿಷಿ ಕೊಡಲು ಅವಕಾಶವಿದೆ. 2015ರಲ್ಲಿ ‘ಇನ್‌ಸ್ಟೈಲ್’ ಮುಖಪುಟದಲ್ಲಿ ನಟಿ ಕೆರಿ ವಾಷಿಂಗ್ಟನ್ ಅವರ ಮೈಬಣ್ಣ ತಿಳಿಯಾಗಿ ಕಂಡಿತೆಂದು ಓದುಗರು ಆಕ್ಷೇಪಿಸಿದಾಗ, ಅದು ಬಹುಶಃ ಬೆಳಕಿನ ಪರಿಣಾಮ ಎಂದು ಪತ್ರಿಕೆ ಉತ್ತರಿಸಿತು. ಆದರೆ ತಲೆಯ ಮೇಲಿದ್ದ ಜಡೆಯನ್ನು ಯಾವ ಬೆಳಕೂ ಮಾಯಮಾಡಲಾರದು.

2017ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಈವನಿಂಗ್ ಸ್ಟ್ಯಾಂಡರ್ಡ್’ ಪತ್ರಿಕೆಯ ವಾರಪತ್ರಿಕೆಯು ಗಾಯಕಿ ಸೊಲಾಂಜ್ ನೋಲ್ಸ್ ಅವರ ಚಿತ್ರದಿಂದ ಕಿರೀಟದಂತೆ ಸುತ್ತಿ ಹೆಣೆದ ಜಡೆಯನ್ನು ಅಳಿಸಿ ಪ್ರಕಟಿಸಿತು. ಒಳಪುಟದ ಸಂದರ್ಶನದಲ್ಲಿ ಅವರು ಮಾತನಾಡಿದ್ದು ಜಡೆ ಹೆಣೆಯುವುದೂ ಒಂದು ಕಲೆಯೆಂಬುದರ ಬಗ್ಗೆಯೇ ಎಂಬುದನ್ನು ಗಮನಿಸಬೇಕು. ಅವರ ಮಾತು ಪತ್ರಿಕೆಗೆ ಬೇಕಾಗಿತ್ತು, ಆ ಮಾತಿಗೆ ಸಾಕ್ಷಿಯಾಗಿದ್ದ ತಲೆಗೂದಲು ಬೇಕಾಗಿರಲಿಲ್ಲ. ಮರುತಿಂಗಳೇ ‘ಗ್ರಾಜಿಯಾ’ ಪತ್ರಿಕೆಯ ಬ್ರಿಟನ್ ಆವೃತ್ತಿಯಲ್ಲಿ, ಆಸ್ಕರ್ ಪಡೆದ ಕೀನ್ಯಾ ಮೂಲದ ನಟಿ ಲುಪಿಟಾ ನ್ಯೊಂಗೊ ಅವರ ಗುಂಗುರು ಕೂದಲಿನ ಗಂಟನ್ನು ತೆಗೆದು ಉಳಿದದ್ದನ್ನು ನಯಗೊಳಿಸಲಾಗಿತ್ತು. ನ್ಯೊಂಗೊ ಮೂಲ ಚಿತ್ರಗಳನ್ನೂ ಮುದ್ರಿತ ಚಿತ್ರವನ್ನೂ ಒಟ್ಟಿಗೆ ಪ್ರಕಟಿಸಿ, ಸುಂದರ ಕೂದಲೆಂದರೇನು ಎಂಬ ಯುರೋಪ್ ಕೇಂದ್ರಿತ ಕಲ್ಪನೆಗೆ ತಮ್ಮ ಕೂದಲನ್ನು ಹೊಂದಿಸಲಾಗಿದೆ ಎಂದು ಬೇಸರ ವ್ಯಕ್ತಪಡಿಸಿದರು. ಪತ್ರಿಕೆಯೂ ಛಾಯಾಗ್ರಾಹಕರೂ ಕ್ಷಮೆ ಕೇಳಿದರು. ನಾವು ಅಧ್ಯಯನಕ್ಕೆ ಬಳಸಬೇಕಾದ ವಿಧಾನವೂ ಇದೇ: ಮೂಲವನ್ನು ಮುದ್ರಿತದ ಪಕ್ಕದಲ್ಲಿಟ್ಟು, ಯಾವುದನ್ನು ಕುಂದೆಂದು ಭಾವಿಸಿ ತೆಗೆಯಲಾಗಿದೆ ಎಂದು ಹುಡುಕುವುದು.

ಇನ್ನು ಬೆಳಕಿನ ಸಮಜಾಯಿಷಿಗೆ ಮರಳೋಣ. ಬೆಳಕನ್ನು ಹಿಡಿಯುವ ಸಾಧನವೇ ಎಲ್ಲರಿಗೂ ಸಮನಾಗಿರಲಿಲ್ಲ. ಕಳೆದ ಶತಮಾನದ ಮಧ್ಯದಿಂದ ದಶಕಗಳ ಕಾಲ ಫೋಟೊ ಲ್ಯಾಬ್‌ಗಳು ಬಣ್ಣ ಸರಿಹೊಂದಿಸಲು ಫಿಲ್ಮ್ ತಯಾರಿಸುವ ಕೊಡ್ಯಾಕ್ ಕಂಪನಿ ಕಳುಹಿಸುತ್ತಿದ್ದ ‘ಶರ್ಲಿ ಕಾರ್ಡ್’ ಎಂಬ ಮಾದರಿ ಚಿತ್ರವನ್ನು ಅವಲಂಬಿಸಿದ್ದವು. ಅದರಲ್ಲಿದ್ದುದು ಬಿಳಿಯ ಮಹಿಳೆ. ಅವಳ ಚರ್ಮ ಸರಿಯಾಗಿ ಮೂಡಿದರೆ ಚಿತ್ರವೇ ಸರಿ ಎಂದಾಗುತ್ತಿತ್ತು, ಹೀಗಾಗಿ ಕಪ್ಪು ಮುಖಗಳ ಸೂಕ್ಷ್ಮ ಛಾಯೆಗಳು ಕತ್ತಲಲ್ಲಿ ಕರಗಿಹೋಗುತ್ತಿದ್ದವು. ಈ ಕೊರತೆಯನ್ನು ಸರಿಪಡಿಸಲು ಕಂಪನಿಯನ್ನು ಒತ್ತಾಯಿಸಿದವರಲ್ಲಿ ಚಾಕೊಲೇಟ್ ಮತ್ತು ಮರದ ಪೀಠೋಪಕರಣಗಳ ತಯಾರಕರು ಪ್ರಮುಖರೆಂದು ಸಂಶೋಧಕಿ ಲೋರ್ನಾ ರಾತ್ ದಾಖಲಿಸಿದ್ದಾರೆ. ತಮ್ಮ ಸರಕಿನ ಕಂದು ಛಾಯೆಗಳು ಜಾಹೀರಾತಿನಲ್ಲಿ ಬೇರೆಬೇರೆಯಾಗಿ ಕಾಣುತ್ತಿಲ್ಲ ಎಂಬುದು ಅವರ ದೂರಾಗಿತ್ತು. ಮನುಷ್ಯರ ಮುಖಕ್ಕಿಂತ ಮೇಜು ಕುರ್ಚಿಗಳ ಮಾತಿಗೆ ತೂಕ ಬಂದ ಈ ಸಂಗತಿಯನ್ನು ಓದಿದಾಗ ನನಗೆ ಬಹಳ ನೋವಾಯಿತು.

ಮುಖಪುಟದಲ್ಲಿ ನಯಗೊಂಡ ಕೂದಲು ಮುಖಪುಟದಲ್ಲಿಯೇ ಉಳಿಯುವುದಿಲ್ಲ. ಅಮೆರಿಕದ ಶಾಲೆಗಳಲ್ಲೂ ಕಚೇರಿಗಳಲ್ಲೂ ಕಪ್ಪು ಮಹಿಳೆಯರ ಸಹಜ ಕೂದಲನ್ನು ‘ಅಚ್ಚುಕಟ್ಟಲ್ಲ’ ಎಂದು ತಡೆದ ಪ್ರಸಂಗಗಳು ಅನೇಕವಿದ್ದು, ಅಂಥ ತಾರತಮ್ಯವನ್ನು ನಿಷೇಧಿಸುವ ‘ಕ್ರೌನ್’ ಕಾಯ್ದೆಯನ್ನು ಮೊದಲು ಅಂಗೀಕರಿಸಿದ್ದು ಕ್ಯಾಲಿಫೋರ್ನಿಯಾ, ಅದೂ 2019ರಲ್ಲಿ.