ತರ್ಕದ ಪಾಠ, ಹಾರ್ಡ್‌ವೇರ್ ಪಾಠ, ನಡುವೆ ಒಂದು ನ್ಯಾಂಡ್ ಗೇಟ್

ಕಂಪ್ಯೂಟರ್ ಪಠ್ಯಪುಸ್ತಕದಲ್ಲಿ ಪ್ರೊಸೆಸರ್, ರ್ಯಾಮ್, ಮದರ್‌ಬೋರ್ಡ್ ಒಂದು ಅಧ್ಯಾಯದಲ್ಲಿ. ಹೇಳಿಕೆಗಳು, ಸತ್ಯಕೋಷ್ಟಕಗಳು (ನಿಜ–ಸುಳ್ಳಿನ ಪಟ್ಟಿಗಳು) ಇನ್ನೊಂದರಲ್ಲಿ. ಎರಡನ್ನೂ ಬೇರೆ ಬೇರೆಯಾಗಿ ಬಾಯಿಪಾಠ ಮಾಡಿದರೆ ಅಂಕ ಬರಬಹುದು, ಕಂಪ್ಯೂಟರ್ ಸಂಖ್ಯೆಗಳನ್ನು ಹೇಗೆ ಕೂಡುತ್ತದೆ ಎಂಬುದು ಮಾತ್ರ ತಿಳಿಯುವುದಿಲ್ಲ. ಇವನ್ನು ಒಟ್ಟಿಗೇ ಓದಬೇಕು.

ನಿಜ ಅಥವಾ ಸುಳ್ಳು, ಎರಡರಲ್ಲಿ ಒಂದೇ ಆಗಬಲ್ಲ ವಾಕ್ಯವೇ ಹೇಳಿಕೆ. ‘7 ಅವಿಭಾಜ್ಯ ಸಂಖ್ಯೆ’ ಹೇಳಿಕೆ. ‘ಬಾಗಿಲು ಹಾಕು’ ಅಲ್ಲ. ಇಂಥ ಹೇಳಿಕೆಗಳನ್ನು ಬೀಜಗಣಿತದಂತೆ ಲೆಕ್ಕ ಹಾಕಬಹುದೆಂದು ಗಣಿತಜ್ಞ ಜಾರ್ಜ್ ಬೂಲ್ 1847ರಲ್ಲಿ ತೋರಿಸಿಕೊಟ್ಟ. 1937ರಲ್ಲಿ ಅಮೆರಿಕದ ಎಂಐಟಿಯ ವಿದ್ಯಾರ್ಥಿ ಕ್ಲಾಡ್ ಶಾನನ್ ತನ್ನ ಸ್ನಾತಕೋತ್ತರ ಪ್ರಬಂಧದಲ್ಲಿ ಅದೇ ಬೀಜಗಣಿತವನ್ನು ವಿದ್ಯುತ್ತಿನಿಂದಲೇ ತೆರೆದು ಮುಚ್ಚುವ ರಿಲೇ ಸ್ವಿಚ್‌ಗಳಿಗೆ ಹೊಂದಿಸಿದ. ಸರಣಿಯಲ್ಲಿರುವ ಎರಡು ಸ್ವಿಚ್‌ಗಳೂ ಮುಚ್ಚಿದರೆ (ಅಂದರೆ ಆನ್ ಆದರೆ) ಮಾತ್ರ ವಿದ್ಯುತ್ ಹರಿಯುತ್ತದೆ: ಅದು ಆ್ಯಂಡ್ (ಮತ್ತು). ಸಮಾಂತರದಲ್ಲಿದ್ದರೆ ಒಂದು ಮುಚ್ಚಿದರೂ ಸಾಕು: ಅದು ಆರ್ (ಅಥವಾ).

ನಿಜವನ್ನು 1, ಸುಳ್ಳನ್ನು 0 ಎಂದುಕೊಂಡು, ಇನ್‌ಪುಟ್‌ಗಳಿಂದ ಒಂದು ಔಟ್‌ಪುಟ್ ಕೊಡುವ ಪುಟ್ಟ ಸರ್ಕ್ಯೂಟೇ ಗೇಟ್. 0 ಇದ್ದದ್ದನ್ನು 1, 1 ಇದ್ದದ್ದನ್ನು 0 ಮಾಡುವುದು ನಾಟ್. ಪುಸ್ತಕಗಳು ಆ್ಯಂಡ್, ಆರ್, ನಾಟ್‌ಗಳನ್ನು ‘ಮೂಲ ಗೇಟ್‌ಗಳು’ ಎನ್ನುತ್ತವೆ. ಚಿಪ್ಪಿನ ಒಳಗೆ ಇಣುಕಿದರೆ ಲೆಕ್ಕ ಬೇರೆ. ಇಂದಿನ ಸಿಮಾಸ್ ಬಗೆಯ ಚಿಪ್‌ಗಳಲ್ಲಿ ಎರಡು ಇನ್‌ಪುಟ್‌ನ ನ್ಯಾಂಡ್ ಗೇಟ್‌ಗೆ ನಾಲ್ಕು ಟ್ರಾನ್ಸಿಸ್ಟರ್ (ಪುಟ್ಟ ವಿದ್ಯುತ್ ಸ್ವಿಚ್) ಸಾಕು. ಆ್ಯಂಡ್ ಬೇಕೆಂದರೆ ಅದರ ಮುಂದೆ ನಾಟ್ ಸೇರಿಸಬೇಕು, ಒಟ್ಟು ಆರು. ನ್ಯಾಂಡ್‌ನ ನಿಯಮ ಒಂದೇ ಸಾಲಿನದು: ಎರಡೂ ಇನ್‌ಪುಟ್ 1 ಆದಾಗ ಮಾತ್ರ ಔಟ್‌ಪುಟ್ 0, ಉಳಿದಂತೆ 1. ಎರಡು ಇನ್‌ಪುಟ್‌ಗಳನ್ನೂ ಒಂದೇ ತಂತಿಗೆ ಸೇರಿಸಿದರೆ ನಾಟ್ ಸಿಗುತ್ತದೆ. ಎರಡನ್ನೂ ಮೊದಲು ನಾಟ್ ಮಾಡಿ, ಆಮೇಲೆ ನ್ಯಾಂಡ್‌ಗೆ ಕೊಟ್ಟರೆ ಆರ್; ಇದು ತರ್ಕದಲ್ಲಿನ ಡಿ ಮಾರ್ಗನ್ ನಿಯಮವೇ. (ಗಣಿತಜ್ಞ ಅಗಸ್ಟಸ್ ಡಿ ಮಾರ್ಗನ್ ಹುಟ್ಟಿದ್ದು ನಮ್ಮ ಪಕ್ಕದ ತಮಿಳುನಾಡಿನ ಮದುರೆಯಲ್ಲಿ, 1806ರಲ್ಲಿ.)

ಈಗ ಕೂಡುವ ವಿಚಾರ. 0 ಅಥವಾ 1 ಆಗಬಲ್ಲ ಎ, ಬಿ ಎಂಬ ಎರಡು ಬಿಟ್‌ಗಳನ್ನು ಮೊದಲ ನ್ಯಾಂಡ್‌ಗೆ ಕೊಡಿ. ಅದರ ಔಟ್‌ಪುಟ್ಟನ್ನು ಎ ಜೊತೆ ಎರಡನೆಯದಕ್ಕೆ, ಬಿ ಜೊತೆ ಮೂರನೆಯದಕ್ಕೆ, ಆ ಎರಡರ ಔಟ್‌ಪುಟ್‌ಗಳನ್ನು ನಾಲ್ಕನೆಯದಕ್ಕೆ. ಎ=1, ಬಿ=0 ಇಟ್ಟು ನೋಡಿ: ಮೊದಲನೆಯದು 1, ಎರಡನೆಯದು 0, ಮೂರನೆಯದು 1, ಕೊನೆಯದು 1. ಎರಡೂ 1 ಆದರೆ ಕೊನೆಯದು 0. ಎರಡು ಬಿಟ್‌ಗಳು ಬೇರೆಯಾದಾಗ ಮಾತ್ರ 1 ಕೊಡುವ ಇದೇ ಎಕ್ಸಾರ್. ಸಂಕಲನದಲ್ಲಿ ಬರೆದುಕೊಳ್ಳುವ ಅಂಕಿಯೂ ಇದೇ. ‘ಕೈಯಲ್ಲಿ ಒಂದು’ ಎಂದು ನಾವು ಎತ್ತಿಟ್ಟುಕೊಳ್ಳುವ ದಶಕ ಬೇಕಾದರೆ ಮೊದಲ ನ್ಯಾಂಡ್‌ನ ಔಟ್‌ಪುಟ್ಟನ್ನು ಐದನೆಯ ಗೇಟ್‌ನಲ್ಲಿ ನಾಟ್ ಮಾಡಿದರಾಯಿತು. 1+1 ಎಂದರೆ 10 ಎಂಬ ದ್ವಿಮಾನ ಉತ್ತರ ಹೀಗೆ ಬರುತ್ತದೆ. ಇದನ್ನೇ ಅರ್ಧ ಸಂಕಲಕ ಎನ್ನುವುದು.

ತರ್ಕದಲ್ಲಿ ನಿಜ–ಸುಳ್ಳುಗಳ ನಡುವೆ ಏನೂ ಇಲ್ಲ, ತಂತಿಯಲ್ಲಿ ಇದೆ. ಟಿಟಿಎಲ್ ಎಂಬ ಹಳೆಯ ಬಗೆಯ, ನ್ಯಾಂಡ್ ಗೇಟ್‌ಗಳ 7400 ಚಿಪ್ಪು ಇನ್‌ಪುಟ್‌ನಲ್ಲಿ 0.8 ವೋಲ್ಟ್ ತನಕ 0 ಎಂದೂ 2 ವೋಲ್ಟ್‌ನಿಂದ ಮೇಲೆ 1 ಎಂದೂ ಓದುತ್ತದೆ, ನಡುವಿನದ್ದಕ್ಕೆ ಖಾತರಿಯಿಲ್ಲ. ಪ್ರಯೋಗಾಲಯದಲ್ಲಿ ಇನ್‌ಪುಟ್ಟನ್ನು ಎಲ್ಲಿಗೂ ಜೋಡಿಸದೆ ಬಿಡಬಾರದು ಎನ್ನುವುದಕ್ಕೂ ಖಚಿತ ಮಟ್ಟದ ಈ ಅಗತ್ಯವೇ ಕಾರಣ.

ಅರ್ಧ ಸಂಕಲಕವನ್ನು ಪ್ರಯೋಗಾಲಯದಲ್ಲಿ ಕಟ್ಟುವುದಾದರೆ, ಅದೇ 7400ರಲ್ಲಿ 14 ಪಿನ್, ನಾಲ್ಕು ನ್ಯಾಂಡ್. 14ಕ್ಕೆ 5 ವೋಲ್ಟ್, 7ಕ್ಕೆ ಗ್ರೌಂಡ್. ಎಡಸಾಲಿನಲ್ಲಿ 1, 2 ಇನ್‌ಪುಟ್, 3 ಔಟ್‌ಪುಟ್. 4, 5 ಇನ್‌ಪುಟ್, 6 ಔಟ್‌ಪುಟ್. ಬಲಸಾಲಿನಲ್ಲಿ ಔಟ್‌ಪುಟ್ 8 ಮತ್ತು 11. 9, 10 ಹಾಗೂ 12, 13 ಇನ್‌ಪುಟ್‌ಗಳು. ಎಡಸಾಲಿನ ಅಭ್ಯಾಸದಲ್ಲೇ 8, 9ಕ್ಕೆ ಇನ್‌ಪುಟ್ ಕೊಟ್ಟರೆ ಔಟ್‌ಪುಟ್‌ಗೆ ಜೋಡಿಸಿದ ಎಲ್‌ಇಡಿ ತಪ್ಪು ಉತ್ತರ ತೋರಿಸುತ್ತದೆ. ಐದನೆಯ ಗೇಟ್‌ಗಾಗಿ ಇನ್ನೊಂದು ಚಿಪ್ಪು ಕೇಳಿ ಪಡೆಯಿರಿ, ಅದಕ್ಕೂ ಪ್ರತ್ಯೇಕವಾಗಿ 5 ವೋಲ್ಟ್ ಮತ್ತು ಗ್ರೌಂಡ್ ಜೋಡಿಸಿ.