ಕರಿ ಬಿಳಿ ಮನೆಗಳಿಲ್ಲದ ಸಿಂಥಸೈಸರ್

2019ರಲ್ಲಿ ಕ್ಯಾಲಿಫೋರ್ನಿಯಾದ ಎಂಜಿನಿಯರ್ ಒಬ್ಬರು ಹಳೇ ಸಿಂಥಸೈಸರ್ ಒಂದನ್ನು, ಅಂದರೆ ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯವನ್ನು, ರಿಪೇರಿಗೆ ಬಿಚ್ಚಿದರು. ಒಂದು ತಿರುಗುಗುಂಡಿಯ ಕೆಳಗೆ ಏನೋ ಒಣಗಿ ಅಂಟಿಕೊಂಡಿತ್ತು. ಬೆರಳಿನಿಂದಲೇ ಉಜ್ಜಿ ತೆಗೆದರು. ಮುಕ್ಕಾಲು ಗಂಟೆಯಲ್ಲಿ ಮೈಯೆಲ್ಲ ಜುಮ್ಮೆನ್ನತೊಡಗಿತು. ಪರೀಕ್ಷೆ ಮಾಡಿಸಿದರೆ ಅದು ಎಲ್‌ಎಸ್‌ಡಿ ಎಂಬ ಮಾದಕ ವಸ್ತು! ಅಮಲು ಇಳಿಯಲು ಸುಮಾರು ಒಂಬತ್ತು ಗಂಟೆ ಬೇಕಾಯಿತಂತೆ.

ಆ ಸಿಂಥಸೈಸರ್, ವಾದ್ಯ ತಯಾರಕ ಡಾನ್ ಬುಕ್ಲಾ 1960ರ ದಶಕದಲ್ಲಿ ಕಟ್ಟಿದ ಮಾಡೆಲ್ 100. ಕತೆ ಮಜವಾಗಿದೆ, ನಿಜ. ಆದರೆ ಆ ಕಾಲದ ಎಲೆಕ್ಟ್ರಾನಿಕ್ ಸಂಗೀತದ ವಿಚಿತ್ರ ಸದ್ದೆಲ್ಲ ನಶೆಯಿಂದ ಹುಟ್ಟಿದ್ದು ಅಂದುಬಿಟ್ಟರೆ ನಾನು ಒಪ್ಪುವುದಿಲ್ಲ. ವಿಚಿತ್ರ ಇದ್ದದ್ದು ಸರ್ಕ್ಯೂಟಿನಲ್ಲಿ.

ಈ ಯಂತ್ರವನ್ನು ಮಾಡಿಸಿದವರು ಸ್ಯಾನ್ ಫ್ರಾನ್ಸಿಸ್ಕೊ ಟೇಪ್ ಮ್ಯೂಸಿಕ್ ಸೆಂಟರಿನ ಸಂಗೀತ ರಚನೆಕಾರರಾದ ಮಾರ್ಟನ್ ಸುಬಾಟ್ನಿಕ್ ಮತ್ತು ರಾಮನ್ ಸೆಂಡರ್. ಆಗ ಎಲೆಕ್ಟ್ರಾನಿಕ್ ಸಂಗೀತ ಅಂದರೆ ಸದ್ದು ಮುದ್ರಿಸಿದ ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸುವ ಕೆಲಸ. ಅದರಿಂದ ಪಾರಾಗಬೇಕಿತ್ತು. ರಾಕ್‌ಫೆಲರ್ ಪ್ರತಿಷ್ಠಾನದ ಅನುದಾನದಲ್ಲಿ 500 ಡಾಲರ್ ತೆಗೆದು ಬುಕ್ಲಾ ಕೈಗಿಟ್ಟರು. ಬುಕ್ಲಾ ಕಟ್ಟಿದ ಪೆಟ್ಟಿಗೆಯಲ್ಲಿ ಹಾರ್ಮೋನಿಯಂ ಥರದ ಕರಿ ಬಿಳಿ ಮನೆಗಳೇ ಇರಲಿಲ್ಲ. ಮನೆಗಳಿದ್ದರೆ ಬೆರಳು ಸುಮ್ನೆ ಹಳೇ ರಾಗಕ್ಕೇ ಓಡುತ್ತದೆ, ಅಲ್ವಾ?

ಬದಲಿಗೆ ಇದ್ದದ್ದು ಮುಟ್ಟಿದರೆ ಸ್ಪಂದಿಸುವ ಲೋಹದ ಪಟ್ಟಿಗಳು, ಜೊತೆಗೆ ಸೀಕ್ವೆನ್ಸರ್. ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸೀಕ್ವೆನ್ಸರಿನಲ್ಲಿ ಸಾಲಾಗಿ ಎಂಟೋ ಹದಿನಾರೋ ಹಂತಗಳು. ಒಂದೊಂದು ಹಂತದ ಗುಂಡಿಯನ್ನು ತಿರುಗಿಸಿ ಒಂದೊಂದು ವೋಲ್ಟೇಜ್ ಇಡಬೇಕು. ಯಂತ್ರ ಹಂತದಿಂದ ಹಂತಕ್ಕೆ ತಾನೇ ಸಾಗುತ್ತದೆ. ಆ ವೋಲ್ಟೇಜ್ ತಂತಿಯ ಮೂಲಕ ಆಸಿಲೇಟರಿಗೆ, ಅಂದರೆ ಸ್ವರ ಹುಟ್ಟಿಸುವ ಭಾಗಕ್ಕೆ, ಹೋದರೆ ಸ್ವರ ಏರಿಳಿಯುತ್ತದೆ. ಅದೇ ತಂತಿಯನ್ನು ಕಿತ್ತು ಬೇರೆ ಕಡೆ ಚುಚ್ಚಿದರೆ ಸದ್ದಿನ ಗಟ್ಟಿತನವೋ ವೇಗವೋ ಬದಲಾಗುತ್ತದೆ. ಒಂದು ಆಸಿಲೇಟರಿನಿಂದ ಇನ್ನೊಂದನ್ನು ನಿಧಾನವಾಗಿ ಅಲುಗಾಡಿಸಿ, ಸ್ವರ ನಡುಗುತ್ತದೆ. ವೇಗ ಹೆಚ್ಚಿಸುತ್ತಾ ಹೋಗಿ, ನಡುಕ ಮಾಯವಾಗಿ ಘಂಟೆಯಂಥ ಹೊಸ ನಾದವೇ ಹುಟ್ಟುತ್ತದೆ. ಕೇಳುವವನಿಗೆ ತಲೆ ತಿರುಗಲು ಇಷ್ಟು ಸಾಕು.

ನನ್‌ಸಚ್ ಎಂಬ ರೆಕಾರ್ಡ್ ಕಂಪನಿ ಕೇಳಿದ್ದಕ್ಕೆ ಸುಬಾಟ್ನಿಕ್ 1967ರಲ್ಲಿ ಇದೇ ಯಂತ್ರದಿಂದ ‘ಸಿಲ್ವರ್ ಆಪಲ್ಸ್ ಆಫ್ ದ ಮೂನ್’ ಮಾಡಿದರು. ಕಛೇರಿಗಾಗಿ ಅಲ್ಲ, ಎಲ್‌ಪಿಗೆಂದೇ ರಚಿಸಿದ್ದು. ಒಟ್ಟು ಅರ್ಧ ಗಂಟೆ, ಎರಡು ಬದಿ. ಮೊದಲ ಬದಿ ಚಿಲಿಪಿಲಿ, ಗುಟುರು, ಮೌನ. ತಾಳ ಹುಡುಕುವವರು ಬೇಸತ್ತಾರು. ಅಂಥವರು ಎರಡನೇ ಬದಿಯಿಂದಲೇ ಶುರು ಮಾಡಿ. ಅಲ್ಲಿ ಸೀಕ್ವೆನ್ಸರ್ ಲಯ ಹಿಡಿದು ಓಡುತ್ತದೆ, ಕಾಲು ತಾನಾಗಿ ತಾಳ ಹಾಕುತ್ತದೆ.